ಬಣ್ಣ ಅದೇ, ವೇಷಧಾರಿ ಬೇರೆ

2025ರ ಅಕ್ಟೋಬರ್ 16ರಂದು ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ ಏಸ್ ಫ್ರೇಲಿ ಎಂಬ ಗಿಟಾರ್ ವಾದಕರು ತಮ್ಮ 74ನೆಯ ವಯಸ್ಸಿನಲ್ಲಿ ನಿಧನರಾದರು. ಕೆಲವು ವಾರಗಳ ಹಿಂದೆ ಬಿದ್ದು ಆಗಿದ್ದ ಪೆಟ್ಟಿನಿಂದ ಅವರು ಚೇತರಿಸಿಕೊಳ್ಳಲಿಲ್ಲ. ದೇಶವಿದೇಶಗಳ ಅಭಿಮಾನಿಗಳು ಆ ದಿನ ನೆನೆದುಕೊಂಡದ್ದು ಬಿಳಿ ಬಣ್ಣ ಬಳಿದ, ಎರಡೂ ಕಣ್ಣುಗಳ ಸುತ್ತ ಬೆಳ್ಳಿಯ ನಕ್ಷತ್ರಗಳನ್ನು ಬರೆದ ಒಂದು ಮುಖವನ್ನು. ‘ಕಿಸ್’ ಎಂಬ ರಾಕ್ ಸಂಗೀತ ತಂಡದ ‘ಗಗನಯಾತ್ರಿ’ಯ ಮುಖ ಅದು. ಅರ್ಧ ಶತಮಾನದ ಹಿಂದೆ ಕನ್ನಡಿಯ ಮುಂದೆ ಕುಳಿತು ಆ ಮುಖವನ್ನು ಮೊದಲ ಬಾರಿಗೆ ಬರೆದುಕೊಂಡವರು ಫ್ರೇಲಿ.

ಆದರೆ ಅವರು ತೀರಿಹೋದ ದಿನ ಆ ಮುಖ ಅವರದಾಗಿ ಉಳಿದಿರಲಿಲ್ಲ. 2002ರಿಂದ 2023ರವರೆಗೆ, ಇಪ್ಪತ್ತೊಂದು ವರ್ಷ, ವೇದಿಕೆಯಲ್ಲಿ ಅದನ್ನು ಧರಿಸಿ ನಿಂತವರು ಟಾಮಿ ಥೇಯರ್ ಎಂಬ ಬೇರೊಬ್ಬ ವಾದಕರು. ಆಮೇಲೆ ಅದು ಸ್ವೀಡನ್ ದೇಶದ ಒಂದು ಕಂಪನಿಯ ಸೊತ್ತಾಯಿತು. ಫ್ರೇಲಿಯವರ ಸಾವಿಗೆ ಮರುಗಿದ ಅಭಿಮಾನಿಗಳಲ್ಲಿ ಅನೇಕರು ಎರಡು ದಶಕಗಳಿಂದ ಅದೇ ತಂಡದ ಮೇಲೆ ಮುನಿಸಿಕೊಂಡು ಕುಳಿತವರು. ಅವರ ಮುನಿಸಿನ ಮೂಲ ಈ ಮುಖದಲ್ಲೇ ಇದೆ.

ಹಳೆಯ ಸಂಗೀತ ತಂಡಗಳ ಬಗ್ಗೆ ಹಳೆಯ ಅಭಿಮಾನಿಗಳು ಗೊಣಗುವುದು ಹೊಸ ಸಂಗತಿಯಲ್ಲ. ಧ್ವನಿ ಕುಂದಿತು, ಟಿಕೆಟಿನ ಬೆಲೆ ಏರಿತು, ಹೊಸ ಹಾಡುಗಳಲ್ಲಿ ಸತ್ತ್ವವಿಲ್ಲ ಎಂಬ ದೂರುಗಳು ಎಲ್ಲ ತಂಡಗಳ ಬೆನ್ನಿಗೂ ಇವೆ. ಕಿಸ್ ಅಭಿಮಾನಿಯ ದೂರು ಇವುಗಳಿಗಿಂತ ಭಿನ್ನವಾದದ್ದು. ವೇಷವೆಂಬುದು ಯಾರ ಸೊತ್ತು, ಕಟ್ಟಿದವನು ಹೋದ ಮೇಲೆ ಅದನ್ನು ಯಾರು ಕಟ್ಟಬಹುದು ಎಂಬ ಪ್ರಶ್ನೆ ಅದರೊಳಗಿದೆ. ಯಕ್ಷಗಾನದ ಚೌಕಿಯನ್ನೂ ತೆಯ್ಯಂನ ಅಣಿಯರೆಯನ್ನೂ ಕಂಡು ಬೆಳೆದ ಕಾಸರಗೋಡಿನ ಓದುಗರಿಗೆ ಈ ಪ್ರಶ್ನೆ ಅಪರಿಚಿತವಾದದ್ದಲ್ಲ.

ನಾಲ್ಕು ಮುಖಗಳು

ಕಿಸ್ ಹುಟ್ಟಿದ್ದು 1973ರ ಜನವರಿಯಲ್ಲಿ, ನ್ಯೂಯಾರ್ಕ್ ನಗರದಲ್ಲಿ. ಪಾಲ್ ಸ್ಟ್ಯಾನ್ಲಿ ಮತ್ತು ಜೀನ್ ಸಿಮನ್ಸ್ ಎಂಬ ಇಬ್ಬರು ಯುವಕರು ಮೊದಲಿನ ಒಂದು ತಂಡವನ್ನು ಬಿಟ್ಟು ಹೊಸದನ್ನು ಕಟ್ಟಲು ಹೊರಟರು. ಡ್ರಮ್ ಬಾರಿಸಲು ಪೀಟರ್ ಕ್ರಿಸ್ ಬಂದರು. ಗಿಟಾರಿಗೆ ಜನ ಬೇಕೆಂಬ ಜಾಹೀರಾತು ನೋಡಿ, ಎರಡು ಕಾಲಿಗೆ ಎರಡು ಬಣ್ಣದ ಬೂಟು ಹಾಕಿಕೊಂಡು ಬಂದವರು ಬ್ರಾಂಕ್ಸ್ ಬಡಾವಣೆಯ ಏಸ್ ಫ್ರೇಲಿ. ಯಾರಲ್ಲಿಯೂ ಕ್ರಮವಾಗಿ ಪಾಠ ಹೇಳಿಸಿಕೊಳ್ಳದೆ, ಕೇಳಿ ಕೇಳಿಯೇ ಕಲಿತವರು ಅವರು. ತಂಡದ ಹೆಸರನ್ನು ಮಿಂಚಿನ ಗೆರೆಗಳಂತೆ ಬರೆದ ಪ್ರಸಿದ್ಧ ಲಾಂಛನ ರೂಪುಗೊಂಡದ್ದೂ ಅವರ ಕೈಯಲ್ಲೇ.

ಮುಖಕ್ಕೆ ಬಣ್ಣ ಬಳಿದುಕೊಳ್ಳುವ ನಿರ್ಧಾರ ನಾಲ್ವರದೂ ಆಗಿತ್ತು. ಯಾವ ಮುಖ ಎಂಬುದನ್ನು ಮಾತ್ರ ಪ್ರತಿಯೊಬ್ಬರೂ ತಮ್ಮ ಸ್ವಭಾವಕ್ಕೆ ತಕ್ಕಂತೆ ಆರಿಸಿಕೊಂಡರು. ಒಂದು ಕಣ್ಣಿನ ಸುತ್ತ ಕಪ್ಪು ನಕ್ಷತ್ರ ಬರೆದುಕೊಂಡ ಸ್ಟ್ಯಾನ್ಲಿ ‘ತಾರಾಕುಮಾರ’ರಾದರು. ಬಾವಲಿಯ ರೆಕ್ಕೆಯಂಥ ಕಪ್ಪು ರೇಖೆಗಳನ್ನು ಎಳೆದುಕೊಂಡು, ಉದ್ದನೆಯ ನಾಲಗೆ ಚಾಚಿ, ಬಾಯಿಂದ ಬೆಂಕಿ ಉಗುಳುವ ಸಿಮನ್ಸ್ ‘ರಾಕ್ಷಸ’ರಾದರು. ಬಡತನದ ಬೀದಿಗಳಲ್ಲಿ ಬೆಳೆದು ಹಲವು ಗಂಡಾಂತರಗಳಿಂದ ಪಾರಾಗಿ ಬಂದ ಕ್ರಿಸ್, ತನಗೂ ಬೆಕ್ಕಿನಂತೆ ಹಲವು ಜೀವಗಳಿವೆಯೆಂದು ‘ಬೆಕ್ಕು ಮನುಷ್ಯ’ನ ಮುಖ ಬರೆದುಕೊಂಡರು. ಆಕಾಶ, ಗ್ರಹ, ಯಂತ್ರಗಳ ಕನಸಿನಲ್ಲಿ ತೇಲುತ್ತಿದ್ದ ಫ್ರೇಲಿ ‘ಗಗನಯಾತ್ರಿ’ಯಾದರು. ಬಣ್ಣ ಹಾಕಲು ಬೇರೆ ಕಲಾವಿದರಿರಲಿಲ್ಲ. ಪ್ರತಿ ಪ್ರದರ್ಶನಕ್ಕೆ ಮೊದಲು ತಮ್ಮ ತಮ್ಮ ಕನ್ನಡಿಯ ಮುಂದೆ ಕುಳಿತು ತಾವೇ ಬರೆದುಕೊಳ್ಳುತ್ತಿದ್ದರು.

ಮುಂದೆ ಹತ್ತು ವರ್ಷಗಳ ಕಾಲ ಬಣ್ಣವಿಲ್ಲದ ಅವರ ಮುಖವನ್ನು ಪತ್ರಿಕೆಗಳಲ್ಲಿ ತೋರಿಸದಂತೆ ತಂಡ ಎಚ್ಚರ ವಹಿಸಿತು. ಕ್ಯಾಮರಾ ಕಂಡೊಡನೆ ಕರವಸ್ತ್ರದಿಂದ ಮುಖ ಮುಚ್ಚಿಕೊಳ್ಳುವುದು ರೂಢಿಯಾಯಿತು. ಅಭಿಮಾನಿಗೆ ದೊರಕಿದ್ದು ಬಣ್ಣದ ಮುಖವೊಂದೇ ಆದ್ದರಿಂದ, ಆ ಬಣ್ಣವೇ ಆ ಮನುಷ್ಯನ ಮುಖವೆಂದು ಅವನು ನಂಬಿದ.

ಅಭಿಮಾನಿಗಳ ಸೈನ್ಯ

ತಂಡದ ಮೊದಲ ಮೂರು ಆಲ್ಬಮ್‌ಗಳು ಹೇಳಿಕೊಳ್ಳುವಂತೆ ಮಾರಾಟವಾಗಲಿಲ್ಲ. ಅವರ ಬಲವಿದ್ದದ್ದು ವೇದಿಕೆಯಲ್ಲಿ. ಬೆಂಕಿ, ಹೊಗೆ, ಸಿಡಿಮದ್ದು, ಮೇಲಕ್ಕೇರುವ ಡ್ರಮ್ ಪೀಠ, ಹೊಗೆಯುಗುಳುವ ಗಿಟಾರ್ ಇವೆಲ್ಲ ಸೇರಿ ಆ ಪ್ರದರ್ಶನವನ್ನು ಜಾತ್ರೆಯ ರಾತ್ರಿಯಂತೆ ಮಾಡುತ್ತಿದ್ದವು. ಆ ಅನುಭವವನ್ನೇ ತಟ್ಟೆಗಿಳಿಸುವ ಉದ್ದೇಶದಿಂದ 1975ರಲ್ಲಿ ‘ಅಲೈವ್!’ ಎಂಬ ಜೋಡಿ ಆಲ್ಬಮ್ ಹೊರಬಂತು. ಅದು ತಂಡವನ್ನೂ ಅದರ ಕಂಪನಿಯನ್ನೂ ಆರ್ಥಿಕ ಮುಗ್ಗಟ್ಟಿನಿಂದ ಪಾರುಮಾಡಿತು.

ಅದೇ ವರ್ಷ ಇಂಡಿಯಾನಾ ರಾಜ್ಯದ ಟೆರ್ರಿಹೋಟ್ ಎಂಬ ಊರಿನಲ್ಲಿ ಒಂದು ವಿನೋದದ ಘಟನೆ ನಡೆಯಿತು. ಕಿಸ್ ಹಾಡುಗಳನ್ನು ಪ್ರಸಾರ ಮಾಡಲು ಸ್ಥಳೀಯ ರೇಡಿಯೋ ಕೇಂದ್ರ ಒಪ್ಪದಿದ್ದಾಗ, ಇಬ್ಬರು ಹುಡುಗರು ತಾವು ‘ಕಿಸ್ ಸೈನ್ಯ’ದವರೆಂದು ಹೇಳಿಕೊಂಡು ಕರೆಯ ಮೇಲೆ ಕರೆ, ಪತ್ರದ ಮೇಲೆ ಪತ್ರ ಕಳುಹಿಸಿದರು. ಕೇಂದ್ರ ಮಣಿಯಿತು. ನವೆಂಬರ್‌ನಲ್ಲಿ ತಂಡ ಆ ಊರಿಗೇ ಬಂದು ಹಾಡಿತು. ಹುಡುಗಾಟಿಕೆಯಲ್ಲಿ ಹುಟ್ಟಿದ ಆ ಹೆಸರನ್ನು ತಂಡ ತನ್ನ ಅಧಿಕೃತ ಅಭಿಮಾನಿ ಸಂಘಕ್ಕೆ ಇಟ್ಟುಕೊಂಡಿತು. ಅಭಿಮಾನಿಗಳ ಹಟದಿಂದ ಬೆಳೆದ ತಂಡವೆಂಬ ಹೆಮ್ಮೆ ಇಂದಿಗೂ ಆ ಸೈನ್ಯದಲ್ಲಿದೆ. ಅದರ ನೋವಿಗೂ ಆ ಹೆಮ್ಮೆಯೇ ಕಾರಣ.

ವ್ಯಾಪಾರ ಮೊದಲಿನಿಂದಲೂ ಇತ್ತು. ಗೊಂಬೆಗಳು, ಊಟದ ಡಬ್ಬಿಗಳು, ಪಿನ್‌ಬಾಲ್ ಯಂತ್ರಗಳು ಮಾರುಕಟ್ಟೆಗೆ ಬಂದವು. 1977ರಲ್ಲಿ ಮಾರ್ವೆಲ್ ಸಂಸ್ಥೆ ಪ್ರಕಟಿಸಿದ ಚಿತ್ರಕಥಾ ಪುಸ್ತಕದ ಕೆಂಪು ಮಸಿಗೆ ನಾಲ್ವರ ರಕ್ತವನ್ನು ಬೆರೆಸಲಾಯಿತೆಂಬುದು ಜಾಹೀರಾಯಿತು. 1978ರ ಸೆಪ್ಟೆಂಬರ್ 18ರಂದು ನಾಲ್ವರೂ ಒಂದೇ ದಿನ ನಾಲ್ಕು ಪ್ರತ್ಯೇಕ ಆಲ್ಬಮ್‌ಗಳನ್ನು ಹೊರತಂದರು. ಪ್ರತಿಯೊಂದರ ಮೇಲೂ ಒಂದೊಂದು ಬಣ್ಣದ ಮುಖ. ಅವುಗಳಲ್ಲಿ ಅಮೆರಿಕದ ಮೊದಲ ಇಪ್ಪತ್ತು ಹಾಡುಗಳ ಸಾಲಿಗೆ ಏರಿದ್ದು ಫ್ರೇಲಿ ಹಾಡಿದ ಒಂದು ಹಾಡು ಮಾತ್ರ. ವಾಚಾಳಿಗಳಾದ ಇಬ್ಬರು ನಾಯಕರ ನಡುವೆ ಮಾತು ಕಡಿಮೆಯ ಈ ಗಗನಯಾತ್ರಿಗೂ ತನ್ನದೇ ಆದ ಪ್ರೇಕ್ಷಕವರ್ಗವಿದೆಯೆಂಬುದು ಅಂದೇ ಸ್ಪಷ್ಟವಾಯಿತು.

ಹೀಗೆ ಎಲ್ಲವನ್ನೂ ಮಾರುವ ತಂಡವೆಂದು ಗೊತ್ತಿದ್ದೇ ಅಭಿಮಾನಿ ಕೊಂಡುಕೊಂಡ. ಆದ್ದರಿಂದ ‘ದುಡ್ಡಿಗಾಗಿ ಕೆಟ್ಟರು’ ಎಂಬ ಸರಳ ಆರೋಪ ಈ ಪ್ರಕರಣದಲ್ಲಿ ನಿಲ್ಲುವುದಿಲ್ಲ. ತಂಡ ಅವನಿಂದ ಹಣವನ್ನು ಬಚ್ಚಿಟ್ಟು ಕೇಳಿದ್ದಿಲ್ಲ. ಬೀದಿಯಲ್ಲಿ ನಿಂತು ಕೂಗಿ ಕೇಳಿತು. ಗೊಂಬೆ ಕೊಂಡ ಹುಡುಗನಿಗೆ ಅದರೊಳಗೆ ಫ್ರೇಲಿ ಇದ್ದಾರೆ ಎಂಬ ನಂಬಿಕೆ ಇತ್ತು. ಅವನಿಗೆ ಅಷ್ಟು ಸಾಕಾಗಿತ್ತು.

ಹೊಸಬನಿಗೆ ಹೊಸ ಮುಖ

1980ರಲ್ಲಿ ಪೀಟರ್ ಕ್ರಿಸ್ ತಂಡವನ್ನು ತೊರೆದರು. ಅವರ ಸ್ಥಾನಕ್ಕೆ ಎರಿಕ್ ಕಾರ್ ಬಂದಾಗ ತಂಡ ಏನು ಮಾಡಿತೆಂಬುದು ಈ ಇಡೀ ಕಥೆಯ ಕೀಲಿ. ಕಾರ್ ಅವರಿಗೆ ಬೆಕ್ಕಿನ ಮುಖ ಹಾಕಲಿಲ್ಲ. ಮೊದಲು ಗಿಡುಗನ ರೂಪವೊಂದನ್ನು ಪ್ರಯತ್ನಿಸಿ ಕೈಬಿಟ್ಟು, ಕೊನೆಗೆ ‘ನರಿ’ಯ ಮುಖವನ್ನು ರೂಪಿಸಲಾಯಿತು. 1982ರಲ್ಲಿ ಫ್ರೇಲಿಯೂ ಹೊರನಡೆದಾಗ, ಬದಲಿಗೆ ಬಂದ ವಿನ್ನಿ ವಿನ್ಸೆಂಟ್ ಅವರಿಗೆ ಹಣೆಯ ಮೇಲೆ ಪ್ರಾಚೀನ ಈಜಿಪ್ಟಿನ ‘ಆಂಖ್’ ಚಿಹ್ನೆಯುಳ್ಳ ಹೊಸ ಮುಖ ದೊರೆಯಿತು. ಹೊರಟುಹೋದವರ ಬಣ್ಣ ಅವರೊಂದಿಗೇ ಹೋಯಿತು.

ಇದನ್ನು ಯಾರೂ ನಿಯಮವೆಂದು ಬರೆದಿಡಲಿಲ್ಲ. ಆದರೆ ಅಭಿಮಾನಿ ಅದನ್ನು ನಿಯಮವೆಂದೇ ತಿಳಿದ. ಅವನಿಗೆ ಕ್ರಿಸ್ ಹೋದ ನೋವಿತ್ತು, ಕಾರ್ ಅವರನ್ನು ಒಪ್ಪಿಕೊಳ್ಳಲು ಅಡ್ಡಿಯಿರಲಿಲ್ಲ. ಬೆಕ್ಕು ಹೋಯಿತು, ನರಿ ಬಂತು. ಒಬ್ಬ ಮನುಷ್ಯ ಹೋದ, ಇನ್ನೊಬ್ಬ ಬಂದ. ಇದರಲ್ಲಿ ಮೋಸವಿಲ್ಲ.

ಆ ಹೊತ್ತಿಗೆ ತಂಡದ ಜನಪ್ರಿಯತೆ ಇಳಿಯುತ್ತಿತ್ತು. 1983ರ ಸೆಪ್ಟೆಂಬರ್ 18ರಂದು ಎಂಟಿವಿ ವಾಹಿನಿಯಲ್ಲಿ ಅವರು ಬಣ್ಣವಿಲ್ಲದೆ ಕಾಣಿಸಿಕೊಂಡರು. ಮುಂದಿನ ಹನ್ನೆರಡು ವರ್ಷ ಬರಿಮುಖದಲ್ಲೇ ಹಾಡಿದರು. 1984ರಿಂದ ಬ್ರೂಸ್ ಕ್ಯುಲಿಕ್ ಗಿಟಾರ್ ನುಡಿಸಿದರು. 1991ರ ನವೆಂಬರ್ 24ರಂದು ಎರಿಕ್ ಕಾರ್ ಕ್ಯಾನ್ಸರಿನಿಂದ ತೀರಿಕೊಂಡ ಮೇಲೆ ಎರಿಕ್ ಸಿಂಗರ್ ಡ್ರಮ್‌ಗೆ ಕುಳಿತರು. ಸಂಗೀತದ ದೃಷ್ಟಿಯಿಂದ ಇವು ಕಡೆಗಣಿಸಬೇಕಾದ ವರ್ಷಗಳಲ್ಲ. ಕ್ಯುಲಿಕ್, ಸಿಂಗರ್ ಇಬ್ಬರೂ ನುರಿತ ವಾದಕರು. ಆದರೂ ಹಳೆಯ ಅಭಿಮಾನಿಯ ಮನಸ್ಸು ಬಣ್ಣದ ಕಾಲವನ್ನೇ ಹಂಬಲಿಸುತ್ತಿತ್ತು.

ಮರಳಿ ಬಂದ ಬಣ್ಣ

1995ರಲ್ಲಿ ಎಂಟಿವಿಯ ಒಂದು ಕಾರ್ಯಕ್ರಮದಲ್ಲಿ ಫ್ರೇಲಿ ಮತ್ತು ಕ್ರಿಸ್ ಹಳೆಯ ಜೊತೆಗಾರರೊಡನೆ ಕುಳಿತು ನುಡಿಸಿದರು. ಆ ಸಂಜೆ ಹುಟ್ಟಿದ ಆಸೆ ಮರುವರ್ಷ ಕೈಗೂಡಿತು. 1996ರ ಜೂನ್ 28ರಂದು ಡೆಟ್ರಾಯ್ಟ್ ನಗರದ ಟೈಗರ್ ಕ್ರೀಡಾಂಗಣದಲ್ಲಿ ಸುಮಾರು 40,000 ಜನರೆದುರು ಮೂಲ ನಾಲ್ವರೂ ಬಣ್ಣ ಹಚ್ಚಿ ನಿಂತರು. ಕ್ಯುಲಿಕ್ ಮತ್ತು ಸಿಂಗರ್ ಬದಿಗೆ ಸರಿಯಬೇಕಾಯಿತು; ಅವರಿದ್ದ ಕೊನೆಯ ಆಲ್ಬಮ್ ಮರುವರ್ಷದವರೆಗೆ ಹೊರಬರಲಿಲ್ಲ. ಅಂದು ಅದಕ್ಕಾಗಿ ಮರುಗಿದ ಅಭಿಮಾನಿಗಳು ವಿರಳ.

ಮೇಲುನೋಟಕ್ಕೆ ಕುಟುಂಬ ಒಂದಾಗಿತ್ತು. ಆದರೆ ಒಳಗಿನ ವ್ಯವಸ್ಥೆ ಮೊದಲಿನಂತಿರಲಿಲ್ಲ. ತಂಡದ ಒಡೆತನ ಸ್ಟ್ಯಾನ್ಲಿ ಮತ್ತು ಸಿಮನ್ಸ್ ಅವರದು. ಉಳಿದಿಬ್ಬರು ಒಪ್ಪಂದದ ಮೇಲೆ ದುಡಿಯುವವರು. 1998ರಲ್ಲಿ ‘ಸೈಕೋ ಸರ್ಕಸ್’ ಎಂಬ ಆಲ್ಬಮ್ ನಾಲ್ವರ ಪುನರ್ಮಿಲನದ ಫಲವೆಂದು ಪ್ರಚಾರ ಪಡೆದು ಬಂತು. ಅದರ ಹೆಚ್ಚಿನ ಹಾಡುಗಳಲ್ಲಿ ಫ್ರೇಲಿಯ ಗಿಟಾರೂ ಇಲ್ಲ, ಕ್ರಿಸ್ ಅವರ ಡ್ರಮ್ಮೂ ಇಲ್ಲ ಎಂಬುದು ಆಮೇಲೆ ತಿಳಿಯಿತು. ಗಿಟಾರಿನ ಬಹುಪಾಲನ್ನು ತೆರೆಮರೆಯಲ್ಲಿ ನುಡಿಸಿದವರು ಟಾಮಿ ಥೇಯರ್. ಹೊದಿಕೆಯ ಮೇಲೆ ನಾಲ್ಕು ಮುಖಗಳು, ಒಳಗೆ ಬೇರೆಯವರ ಕೈಗಳು. ಮುಂದೆ ವೇದಿಕೆಯಲ್ಲಿ ನಡೆಯಲಿದ್ದುದರ ಮುನ್ಸೂಚನೆ ಅದರಲ್ಲಿತ್ತು.

ಥೇಯರ್ ಅವರ ಕಥೆಯೂ ಸಹಾನುಭೂತಿಗೆ ಪಾತ್ರವಾದುದು. ಹದಿಹರೆಯದಲ್ಲಿ ಅವರೂ ಕಿಸ್ ಅಭಿಮಾನಿಯೇ. ಕಿಸ್ ಹಾಡುಗಳನ್ನು ಅನುಕರಿಸುವ ಒಂದು ತಂಡದಲ್ಲಿ ಫ್ರೇಲಿಯ ವೇಷ ಹಾಕಿದ್ದರು. ಬಳಿಕ ಕಿಸ್ ತಂಡದ ಕಚೇರಿಯಲ್ಲೇ ಸಣ್ಣಪುಟ್ಟ ಕೆಲಸಗಳಿಂದ ತೊಡಗಿ ಪ್ರವಾಸದ ಮೇಲ್ವಿಚಾರಣೆಯವರೆಗೆ ದುಡಿದರು. 1996ರ ಪುನರ್ಮಿಲನಕ್ಕೆ ಮೊದಲು, ಫ್ರೇಲಿ ಇಪ್ಪತ್ತು ವರ್ಷಗಳ ಹಿಂದೆ ತಾವೇ ನುಡಿಸಿ ಮರೆತಿದ್ದ ಸ್ವರಗಳನ್ನು ಅವರಿಗೆ ಮತ್ತೆ ನೆನಪಿಸಿಕೊಟ್ಟವರು ಇದೇ ಥೇಯರ್.

2000ನೆಯ ಇಸವಿಯಲ್ಲಿ ‘ವಿದಾಯ ಪ್ರವಾಸ’ ಘೋಷಣೆಯಾಯಿತು. ಅಭಿಮಾನಿಗಳು ಕೊನೆಯ ಸಲವೆಂದು ಮಕ್ಕಳನ್ನೂ ಕರೆದುಕೊಂಡು ಹೋದರು. ಪ್ರವಾಸ ಮುಗಿಯುವ ಮೊದಲೇ ಕ್ರಿಸ್ ಹೊರಬಿದ್ದರು. 2001ರಲ್ಲಿ ಜಪಾನ್ ಮತ್ತು ಆಸ್ಟ್ರೇಲಿಯಾದ ವೇದಿಕೆಗಳ ಮೇಲೆ ಬೆಕ್ಕಿನ ಮುಖ ಹೊತ್ತು ಡ್ರಮ್ ಬಾರಿಸಿದವರು ಎರಿಕ್ ಸಿಂಗರ್. 2002ರಲ್ಲಿ ಫ್ರೇಲಿಯ ಜಾಗಕ್ಕೆ ಥೇಯರ್ ಬಂದರು, ಬೆಳ್ಳಿಯ ನಕ್ಷತ್ರಗಳೊಂದಿಗೆ. ನಡುವೆ ಸ್ವಲ್ಪ ಕಾಲ ಕ್ರಿಸ್ ಮರಳಿ ಬಂದು, 2004ರಲ್ಲಿ ಶಾಶ್ವತವಾಗಿ ಹೋದರು. ಬೆಕ್ಕು ಮತ್ತೆ ಸಿಂಗರ್ ಅವರದಾಯಿತು. ವಿದಾಯವೂ ನಡೆಯಲಿಲ್ಲ, ತಂಡ ಹಾಡುತ್ತಲೇ ಹೋಯಿತು.

1980ರ ನಿಯಮ ಮುರಿದದ್ದು ಹೀಗೆ. ಅಂದು ಹೊಸಬನಿಗೆ ಹೊಸ ಮುಖ ಬರೆದವರೇ, ಇಪ್ಪತ್ತು ವರ್ಷಗಳ ಬಳಿಕ ಹೊಸಬನಿಗೆ ಹಳೆಯ ಮುಖ ತೊಡಿಸಿದರು. ಜನಕ್ಕೆ ಬೇಕಾದದ್ದು ಆ ನಾಲ್ಕು ಮುಖಗಳೇ ಎಂಬುದು ಪುನರ್ಮಿಲನದ ಗಳಿಕೆಯಿಂದ ಅವರಿಗೆ ಖಚಿತವಾಗಿತ್ತು.

ವೇಷ ಯಾರದು?

ಯಕ್ಷಗಾನದ ಪ್ರೇಕ್ಷಕ ಇಲ್ಲಿ ಒಂದು ಸಹಜವಾದ ಸಂದೇಹ ಎತ್ತಬಹುದು. ರಾವಣನ ವೇಷವನ್ನು ಒಬ್ಬರು ಕಟ್ಟುತ್ತಿದ್ದರು, ಅವರು ನಿವೃತ್ತರಾದ ಮೇಲೆ ಇನ್ನೊಬ್ಬರು ಕಟ್ಟುತ್ತಾರೆ. ಚುಟ್ಟಿ ಇಡುವ ಕ್ರಮ, ಕಿರೀಟ, ಭುಜಕೀರ್ತಿ ಎಲ್ಲವೂ ಪರಂಪರೆಯಿಂದ ಬಂದವು. ಮೇಳದ ಬಣ್ಣದ ವೇಷಧಾರಿ ಬದಲಾದನೆಂದು ಯಾರೂ ಮೋಸ ಹೋದೆನೆನ್ನುವುದಿಲ್ಲ. ಹಾಗಿರುವಾಗ ಗಗನಯಾತ್ರಿಯ ಬಣ್ಣವನ್ನು ಮತ್ತೊಬ್ಬ ಹಚ್ಚಿದರೆ ತಪ್ಪೇನು?

ವ್ಯತ್ಯಾಸ ಎರಡು ಕಡೆ ಇದೆ. ಮೊದಲನೆಯದು, ರಾವಣ ಯಾವ ಕಲಾವಿದನ ಸೊತ್ತೂ ಅಲ್ಲ. ಅವನು ಪುರಾಣದವನು. ಕಲಾವಿದ ಬರುವ ಮೊದಲೂ ಇದ್ದ, ಹೋದ ಮೇಲೂ ಇರುತ್ತಾನೆ. ತೆಯ್ಯಂನಲ್ಲಿ ಈ ಮಾತು ಇನ್ನೂ ಸ್ಪಷ್ಟ. ಮುಖದ ಮೇಲೆ ಬರೆಯುವ ರೇಖೆಗಳು ದೈವದವು; ಕೋಲ ಕಟ್ಟುವ ಅಧಿಕಾರ ಸಮುದಾಯಕ್ಕೆ ಪರಂಪರೆಯಿಂದ ಬಂದುದು. ಅದನ್ನು ಯಾರೂ ಕೊಂಡು ತರುವಂತಿಲ್ಲ. ಗಗನಯಾತ್ರಿಗೆ ಅಂಥ ಪುರಾಣವಿಲ್ಲ. ಬ್ರಾಂಕ್ಸಿನ ಒಬ್ಬ ಹುಡುಗ ತನ್ನ ಕನಸಿನಿಂದ ತೆಗೆದು ತನ್ನ ಮುಖದ ಮೇಲೆ ಬರೆದುಕೊಂಡದ್ದೇ ಅದರ ಪುರಾಣ. ಅವನು ಹೋದರೆ ಆ ವೇಷದ ಹಿಂದೆ ನಿಲ್ಲುವ ಕಥೆಯೇ ಇಲ್ಲ.

ಎರಡನೆಯದು, ಯಕ್ಷಗಾನದಲ್ಲಿ ವೇಷ ಒಂದೇ ಆದರೂ ಕಲಾವಿದ ಬೇರೆಯೇ ಆಗಿರುತ್ತಾನೆ, ಆಗಿರಲೇಬೇಕು. ಕರಪತ್ರದಲ್ಲಿ ಪಾತ್ರದ ಎದುರು ಕಲಾವಿದನ ಹೆಸರಿರುತ್ತದೆ. ಒಡ್ಡೋಲಗದಿಂದ ಹಿಡಿದು ಅರ್ಥಗಾರಿಕೆಯವರೆಗೆ ಒಬ್ಬರ ರಾವಣ ಇನ್ನೊಬ್ಬರ ರಾವಣನಲ್ಲ. ‘ಇಂಥವರ ಹಿರಣ್ಯಕಶಿಪು’ ಎಂದೇ ಪ್ರೇಕ್ಷಕ ನೆನಪಿಟ್ಟುಕೊಳ್ಳುತ್ತಾನೆ. ಹಿರಿಯರ ನಡೆಯನ್ನು ತದ್ವತ್ತಾಗಿ ಒಪ್ಪಿಸಿದರೆ ‘ನಕಲು’ ಎಂಬ ಮಾತು ಬರುತ್ತದೆ. ಥೇಯರ್ ಅವರಿಂದ ಅಪೇಕ್ಷಿಸಿದ್ದು ಇದಕ್ಕೆ ತೀರ ವಿರುದ್ಧವಾದುದನ್ನು. ಹಳೆಯ ಹಾಡುಗಳಲ್ಲಿ ಫ್ರೇಲಿ ನುಡಿಸಿದ ಸ್ವರಗಳನ್ನೇ ಅವರು ನುಡಿಸಬೇಕಿತ್ತು. ಅವರ ಗಿಟಾರಿನಿಂದಲೂ ಕಿಡಿ ಹಾರಬೇಕಿತ್ತು. ದೂರದ ಆಸನದಲ್ಲಿ ಕುಳಿತವನಿಗೆ ಮನುಷ್ಯ ಬದಲಾದದ್ದು ಗೊತ್ತಾಗದಿದ್ದರೆ ಪ್ರದರ್ಶನ ಯಶಸ್ವಿ ಎಂಬಂತಾಯಿತು.

ಸಿಂಗರ್ ಮತ್ತು ಥೇಯರ್ ಅವರಿಗೂ ಇದರಿಂದ ಅನ್ಯಾಯವೇ ಆಯಿತು. ಥೇಯರ್ ಇಪ್ಪತ್ತೊಂದು ವರ್ಷ ನಿಷ್ಠೆಯಿಂದ ದುಡಿದರು. ಫ್ರೇಲಿ ಮೂಲ ತಂಡದಲ್ಲಿದ್ದ ಕಾಲಕ್ಕಿಂತ ಇದು ದೀರ್ಘ. 2009 ಮತ್ತು 2012ರಲ್ಲಿ ಬಂದ ಎರಡು ಹೊಸ ಆಲ್ಬಮ್‌ಗಳಲ್ಲಿ ಅವರ ಸ್ವಂತ ರಚನೆಗಳೂ ಇವೆ. ಆದರೂ ಅವರದೆಂದು ಹೇಳಬಹುದಾದ ಮುಖವೊಂದು ಕಿಸ್ ಚರಿತ್ರೆಯಲ್ಲಿ ಉಳಿಯಲಿಲ್ಲ. ಕೇವಲ ಕೆಲವು ತಿಂಗಳು ಬಣ್ಣ ಹಚ್ಚಿದ ವಿನ್ನಿ ವಿನ್ಸೆಂಟ್ ಅವರಿಗೆ ಸಿಕ್ಕಿದ ಗೌರವ ಅವರಿಗೆ ಸಿಗಲಿಲ್ಲ.

ತಂಡದ ಸಮರ್ಥನೆ

ತಂಡದ ನಾಯಕರ ಮಾತನ್ನೂ ಕೇಳಬೇಕಾದುದು ನ್ಯಾಯ. ಫ್ರೇಲಿ ಮತ್ತು ಕ್ರಿಸ್ ಮದ್ಯ ಹಾಗೂ ಮಾದಕ ದ್ರವ್ಯಗಳಿಗೆ ಬಲಿಬಿದ್ದದ್ದು ಗುಟ್ಟಲ್ಲ. ಇಬ್ಬರೂ ತಮ್ಮ ಆತ್ಮಕಥೆಗಳಲ್ಲಿ ಅದನ್ನು ಮುಚ್ಚಿಟ್ಟಿಲ್ಲ. ಸಾವಿರಾರು ಜನ ಟಿಕೆಟು ಕೊಂಡು ಕಾಯುತ್ತಿರುವಾಗ ಬರುತ್ತಾರೋ ಇಲ್ಲವೋ ಎಂಬ ಸಂದೇಹದ ವಾದಕರನ್ನು ನಂಬಿ ಪ್ರವಾಸ ನಡೆಸುವುದು ಸುಲಭವಲ್ಲ. ಸ್ಟ್ಯಾನ್ಲಿ ಮತ್ತು ಸಿಮನ್ಸ್ ಐವತ್ತು ವರ್ಷ ಒಂದು ಪ್ರದರ್ಶನವನ್ನೂ ಹಗುರವಾಗಿ ಕಾಣದೆ ದುಡಿದವರು. ತಂಡವೆಂಬುದು ವ್ಯಕ್ತಿಗಳಿಗಿಂತ ದೊಡ್ಡದು, ನಾಳೆ ತಾವಿಲ್ಲದಿದ್ದರೂ ಅದು ಮುಂದುವರಿಯಬಹುದು ಎಂದು ಸ್ಟ್ಯಾನ್ಲಿ ಹಲವು ಸಲ ಹೇಳಿದ್ದಾರೆ. ತನ್ನ ಮುಖಕ್ಕೂ ಅದೇ ನ್ಯಾಯ ಅನ್ವಯಿಸಲು ಅವರು ಸಿದ್ಧರಿದ್ದರು ಎಂಬುದನ್ನು ಒಪ್ಪಬೇಕು.

ಕಾನೂನಿನ ದೃಷ್ಟಿಯಿಂದಲೂ ಅವರ ನಿಲುವಿಗೆ ಆಧಾರವಿತ್ತು. ನಾಲ್ಕು ಮುಖಗಳೂ ವ್ಯಾಪಾರ ಚಿಹ್ನೆಗಳಾಗಿ ನೋಂದಣಿಯಾದವು. ಅವುಗಳನ್ನು ಬಳಸುವ ಹಕ್ಕು ಕಾಲಕ್ರಮದಲ್ಲಿ ಈ ಇಬ್ಬರ ಕೈಸೇರಿತು. ಅಭಿಮಾನಿಯ ಅಸಮಾಧಾನಕ್ಕೆ ನ್ಯಾಯಾಲಯದಲ್ಲಿ ಸ್ಥಾನವಿರಲಿಲ್ಲ. ಅವನ ದೂರು ಹಕ್ಕುಪತ್ರದ ಬಗ್ಗೆ ಆಗಿರಲೂ ಇಲ್ಲ.

2014ರ ಏಪ್ರಿಲ್ 10ರಂದು ಈ ವಿವಾದ ಬಹಿರಂಗ ವೇದಿಕೆಗೇ ಬಂತು. ‘ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್’ ಸಂಸ್ಥೆ ಕಿಸ್ ತಂಡವನ್ನು ಗೌರವಿಸಿದಾಗ ಮೂಲ ನಾಲ್ವರನ್ನಷ್ಟೇ ಹೆಸರಿಸಿತು. ಉಳಿದ ಸದಸ್ಯರನ್ನು ಬಿಟ್ಟದ್ದು ಸರಿಯಲ್ಲವೆಂದು ಸ್ಟ್ಯಾನ್ಲಿ ಮತ್ತು ಸಿಮನ್ಸ್ ಆಕ್ಷೇಪಿಸಿದರು. ಯಾವ ನಾಲ್ವರು ಹಾಡಬೇಕೆಂಬುದು ಇತ್ಯರ್ಥವಾಗದೆ, ಕೊನೆಗೆ ಯಾರೂ ಹಾಡಲಿಲ್ಲ. ಮೂಲ ನಾಲ್ವರು ಬಣ್ಣವಿಲ್ಲದೆ ಒಂದೇ ವೇದಿಕೆಯಲ್ಲಿ ನಿಂತು, ಮಾತನಾಡಿ, ಕೆಳಗಿಳಿದರು. ಅವರ ಹಾಡನ್ನು ಮತ್ತೊಮ್ಮೆ ಒಟ್ಟಿಗೆ ಕೇಳುವ ಭಾಗ್ಯ ಅಭಿಮಾನಿಗೆ ಆಮೇಲೆ ಒದಗಲಿಲ್ಲ.

ಮನುಷ್ಯರಿಲ್ಲದ ವೇದಿಕೆ

2019ರ ಜನವರಿ 31ರಂದು ಕೆನಡಾದ ವ್ಯಾಂಕೂವರಿನಲ್ಲಿ ಎರಡನೆಯ ವಿದಾಯ ಪ್ರವಾಸ ಆರಂಭವಾಯಿತು. ಕೋವಿಡ್ ನಡುವೆ ತಡೆಯೊಡ್ಡಿದ್ದರಿಂದ ಅದು ಐದು ವರ್ಷಗಳಿಗೆ ಹಬ್ಬಿತು. ಎಪ್ಪತ್ತರ ಅಂಚಿನ ಸ್ಟ್ಯಾನ್ಲಿಯವರ ಕಂಠಕ್ಕೆ ಮುದ್ರಿತ ಧ್ವನಿಯ ಆಸರೆಯಿದೆಯೆಂಬ ದೂರು ಅಭಿಮಾನಿಗಳಿಂದಲೇ ಕೇಳಿಬಂತು. 2023ರ ಡಿಸೆಂಬರ್ 2ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಕೊನೆಯ ಪ್ರದರ್ಶನ. ಕೊನೆಯ ಹಾಡು ಮುಗಿದು ನಾಲ್ವರು ಮರೆಯಾದ ಮೇಲೆ ಪರದೆಯಲ್ಲಿ ನಾಲ್ಕು ಗಣಕಚಿತ್ರಗಳು ಕಾಣಿಸಿಕೊಂಡು ಹಾಡತೊಡಗಿದವು. ತಂಡದ ಮುಂದಿನ ಅವತಾರ ಇವೇ ಎಂಬ ಘೋಷಣೆ ಹೊರಬಿತ್ತು.

ಈ ಚಿತ್ರಗಳನ್ನು ತಯಾರಿಸಿದ್ದು ‘ಇಂಡಸ್ಟ್ರಿಯಲ್ ಲೈಟ್ ಆ್ಯಂಡ್ ಮ್ಯಾಜಿಕ್’ ಸಂಸ್ಥೆ; ಹಣ ಹೂಡಿದ್ದು ಸ್ಟಾಕ್‌ಹೋಮಿನ ‘ಪಾಪ್‌ಹೌಸ್’ ಕಂಪನಿ. ‘ಆಬಾ’ ತಂಡದ ಬ್ಯೋರ್ನ್ ಉಲ್ವೇಯಸ್ ಇದರ ಸ್ಥಾಪಕರಲ್ಲೊಬ್ಬರು. 2022ರ ಮೇ ತಿಂಗಳಿಂದ ಲಂಡನ್ನಿನಲ್ಲಿ ಆಬಾ ತಂಡದ ನಾಲ್ವರ ಯೌವನದ ರೂಪಗಳನ್ನು ಹೀಗೆಯೇ ವೇದಿಕೆಗೆ ತಂದು ಯಶಸ್ವಿಯಾದವರು ಅವರು. 2024ರ ಏಪ್ರಿಲ್‌ನಲ್ಲಿ ಕಿಸ್ ತಂಡ ತನ್ನ ಹಾಡುಗಳ ಹಕ್ಕು, ಹೆಸರು ಮತ್ತು ಮುಖಗಳನ್ನು ಪಾಪ್‌ಹೌಸ್‌ಗೆ ಮಾರಿತು. ಮೊತ್ತ 30 ಕೋಟಿ ಡಾಲರಿಗೂ ಮಿಕ್ಕಿದ್ದೆಂದು ಪತ್ರಿಕೆಗಳು ವರದಿ ಮಾಡಿದವು.

ಆಬಾ ಮತ್ತು ಕಿಸ್ ನಡುವೆ ಒಂದು ಅಂತರವಿದೆ. ಲಂಡನ್ನಿನಲ್ಲಿ ಪರದೆಯ ಮೇಲೆ ಕಾಣುವ ನಾಲ್ವರು, ಆ ಹಾಡುಗಳನ್ನು ಹಾಡಿದ ನಾಲ್ವರೇ. ಸಂವೇದಕಗಳುಳ್ಳ ಉಡುಗೆ ತೊಟ್ಟು ವಾರಗಟ್ಟಲೆ ಕ್ಯಾಮರಾಗಳ ಮುಂದೆ ನಟಿಸಿದವರೂ ಅವರೇ. ಕಿಸ್ ಚಿತ್ರಗಳಿಗೆ ಚಲನೆ ಕೊಟ್ಟವರು ಸ್ಟ್ಯಾನ್ಲಿ, ಸಿಮನ್ಸ್, ಥೇಯರ್ ಮತ್ತು ಸಿಂಗರ್. ಹೀಗಾಗಿ ಗಗನಯಾತ್ರಿಯ ಗಣಕರೂಪದಲ್ಲಿ ಮುಖ ಫ್ರೇಲಿ ಬರೆದದ್ದು, ದೇಹದ ಚಲನೆ ಥೇಯರ್ ಅವರದು, ಒಡೆತನ ಕಂಪನಿಯದು.

ಎರಡನೆಯ ವಿದಾಯವೂ ಸಂಪೂರ್ಣವಾಗಿರಲಿಲ್ಲ. 2025ರ ನವೆಂಬರ್‌ನಲ್ಲಿ, ಫ್ರೇಲಿ ತೀರಿಹೋದ ತಿಂಗಳೊಪ್ಪತ್ತಿನಲ್ಲಿ, ಲಾಸ್ ವೇಗಸ್‌ನಲ್ಲಿ ಅಭಿಮಾನಿಗಳ ಸಮಾವೇಶವೊಂದರಲ್ಲಿ ತಂಡ ಮತ್ತೆ ಹಾಡಿತು. ಈ ಬಾರಿ ಬಣ್ಣವಿರಲಿಲ್ಲ. ಮುಖ ಮಾರಿದವರು ಬರಿಮುಖದಲ್ಲಿ ನಿಂತು ಹಾಡಿದರು.

ಅಭಿಮಾನಿಯ ಪಾಲು

ಈ ಪ್ರಕರಣದಲ್ಲಿ ಅಭಿಮಾನಿಯನ್ನು ಸಂಪೂರ್ಣ ನಿರಪರಾಧಿಯೆಂದು ಬಿಡುವಂತಿಲ್ಲ. ತಂಡ 1983ರಲ್ಲಿ ಬಣ್ಣ ಕಳಚಿ, ವಯಸ್ಸಿಗೆ ತಕ್ಕಂತೆ ಬೆಳೆಯಲು ಯತ್ನಿಸಿದಾಗ ಅವನು ಪೂರ್ಣ ಮನಸ್ಸಿನಿಂದ ಜೊತೆಗೆ ನಿಲ್ಲಲಿಲ್ಲ. ಕ್ಯುಲಿಕ್ ಅವರ ಗಿಟಾರನ್ನು ಮೆಚ್ಚಿದರೂ ಟಿಕೆಟು ಕೊಂಡದ್ದು ಬೆಳ್ಳಿಯ ನಕ್ಷತ್ರಗಳಿಗೆ. ಐವತ್ತು ವರ್ಷ ದಾಟಿದವರು ಇಪ್ಪತ್ತೈದರ ವೇಷದಲ್ಲೇ ಬರಬೇಕು, ಅದೇ ಹಾಡುಗಳನ್ನು ಅದೇ ಕ್ರಮದಲ್ಲಿ ಹಾಡಬೇಕು ಎಂದು ಬಯಸಿದವನು ಅವನೇ. ವಯಸ್ಸಾಗದ, ತಪ್ಪದ, ಕುಡಿಯದ, ಸಾಯದ ಗಗನಯಾತ್ರಿಯನ್ನು ಈಗ ಕಂಪನಿ ಅವನಿಗೆ ಕೊಡುತ್ತಿದೆ. ಅವನು ಕೇಳಿದ್ದರ ಕೊನೆಯ ಮೆಟ್ಟಿಲು ಇದು. ಅದನ್ನು ಕಂಡು ಅವನು ಬೆಚ್ಚುತ್ತಿದ್ದಾನೆ.

ಹಾಗೆಂದು ಅವನ ನೋವು ಸುಳ್ಳಲ್ಲ. ಪ್ಯಾಂಟೆರಾ ತಂಡದ ಗಿಟಾರ್ ವಾದಕ ಡೈಮ್‌ಬ್ಯಾಗ್ ಡ್ಯಾರೆಲ್ ಅವರ ಉದಾಹರಣೆ ಇದನ್ನು ತಿಳಿಯಲು ನೆರವಾಗುತ್ತದೆ. ಅವರು ತಾವೇ ಪ್ರಸಿದ್ಧರಾದ ಮೇಲೂ ಕಿಸ್ ಅಭಿಮಾನಿಯಾಗಿ ಉಳಿದವರು. ಎದೆಯ ಮೇಲೆ ಏಸ್ ಫ್ರೇಲಿಯ ಬಣ್ಣದ ಮುಖವನ್ನು ಹಚ್ಚೆ ಹಾಕಿಸಿಕೊಂಡಿದ್ದರು, ಅದರ ಪಕ್ಕದಲ್ಲಿ ಫ್ರೇಲಿಯ ಸಹಿಯನ್ನೂ. ಕಿಸ್ ತಂಡ 2001ರಲ್ಲಿ ತನ್ನ ಚಿತ್ರಗಳುಳ್ಳ ಶವಪೆಟ್ಟಿಗೆಯನ್ನು ಮಾರುಕಟ್ಟೆಗೆ ತಂದಾಗ ಜಗತ್ತು ನಕ್ಕಿತ್ತು. 2004ರ ಡಿಸೆಂಬರ್‌ನಲ್ಲಿ ಡ್ಯಾರೆಲ್ ವೇದಿಕೆಯಲ್ಲೇ ಗುಂಡೇಟಿಗೆ ಬಲಿಯಾದಾಗ, ಸಿಮನ್ಸ್ ಅಂಥದೊಂದು ಪೆಟ್ಟಿಗೆಯನ್ನು ಕೊಟ್ಟರು. ಅದರಲ್ಲೇ ಅವರನ್ನು ಮಣ್ಣು ಮಾಡಲಾಯಿತು. ವ್ಯಾಪಾರಿಯ ಸರಕು ಅಂದು ಮಿತ್ರನ ಕಾಣಿಕೆಯಾಯಿತು. ಅಭಿಮಾನಿಯ ಎದೆಯ ಮೇಲಿದ್ದ ಆ ಮುಖದ ಪಕ್ಕದಲ್ಲಿ ಒಂದು ಸಹಿಯಿತ್ತು ಎಂಬುದನ್ನು ಗಮನಿಸಬೇಕು. ಮುಖದೊಡನೆ ಮನುಷ್ಯನ ಹೆಸರೂ ಅವರಿಗೆ ಬೇಕಾಗಿತ್ತು.

ವೃದ್ಧ ಕಲಾವಿದರು ದುಡಿಯಬಾರದೆಂದು, ಗಳಿಸಬಾರದೆಂದು, ಹೊಸಬರು ಅವರ ಜಾಗಕ್ಕೆ ಬರಬಾರದೆಂದು ಈ ಹಳೆಯ ಅಭಿಮಾನಿ ಹೇಳುತ್ತಿಲ್ಲ. ಎರಿಕ್ ಕಾರ್ ಅವರ ನರಿಯನ್ನು ಅವನು ಪ್ರೀತಿಸಿದ್ದ; ಥೇಯರ್ ಅವರಿಗೆ ಅವರದೇ ಒಂದು ಮುಖ ಬರೆದಿದ್ದರೆ ಅದನ್ನೂ ಪ್ರೀತಿಸುತ್ತಿದ್ದ. ಆ ದಾರಿ ತಂಡಕ್ಕೆ ಗೊತ್ತಿತ್ತು, ಎರಡು ಸಲ ತಾವೇ ನಡೆದಿದ್ದರು. ಮೂರನೆಯ ಸಲ ಲಾಭದ ಲೆಕ್ಕ ಅದನ್ನು ಮುಚ್ಚಿತು.

ಇನ್ನು ಕೆಲವು ವರ್ಷಗಳಲ್ಲಿ ಗಣಕಚಿತ್ರಗಳ ಪ್ರದರ್ಶನ ಆರಂಭವಾದಾಗ, ಹದಿನಾಲ್ಕರ ಹುಡುಗನೊಬ್ಬ ಬೆಳ್ಳಿಯ ನಕ್ಷತ್ರಗಳ ಮುಖವನ್ನು ಮೊದಲ ಬಾರಿಗೆ ಕಾಣುತ್ತಾನೆ. 1976ರಲ್ಲಿ ಅವನಷ್ಟೇ ಪ್ರಾಯದಲ್ಲಿ ಅದನ್ನು ಕಂಡವನಿಗೆ ಇಂದು ಅರುವತ್ತು ದಾಟಿದೆ. ಹೊಸ ಹುಡುಗ ಅದನ್ನು ಮೆಚ್ಚುವುದರಲ್ಲಿ ತಪ್ಪೇನೂ ಇಲ್ಲ. ಹಳೆಯವನ ಬೇಡಿಕೆ ಒಂದೇ: ಮೇಳದ ಕರಪತ್ರದಲ್ಲಿ ಪಾತ್ರದ ಎದುರು ಕಲಾವಿದನ ಹೆಸರು ಅಚ್ಚಾಗುವಂತೆ, ಆ ಮುಖವನ್ನು ಬರೆದವರು ಏಸ್ ಫ್ರೇಲಿ ಎಂಬುದು ಎಲ್ಲಾದರೂ ಒಂದು ಕಡೆ ಅಚ್ಚಾಗಿರಲಿ.